ಒಂದು ಟರ್ಮಿನಲ್, ಇಬ್ಬರು ಬಾಡಿಗೆದಾರರು: ಡಿಬಗರ್‌ಗೆ ಪರದೆ ಬಂದ ಕಥೆ

ಗುಜರಾತಿನಲ್ಲಿರೋ ನಮ್ಮವರಿಗಾಗಿ ಮಾಡಿದ ಈ ಕಂತು ಸ್ವಲ್ಪ ಟೆಕ್ನಿಕಲ್. ವಿಡಿಯೊದಲ್ಲಿ ಬಾಯಿಮಾತಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದು ಹಾಕಿದ್ದೀವಿ. ಓಡಿಸಿಕೊಂಡು ಹೋದ ಲೆಕ್ಕಗಳನ್ನ ಇಲ್ಲಿ ನಿಧಾನವಾಗಿ ಬಿಡಿಸಿದ್ದೀವಿ, ಅಷ್ಟೇ ವ್ಯತ್ಯಾಸ.

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೆಲಸ ಮಾಡೋ ನಮ್ಮಲ್ಲಿ ಎಷ್ಟೋ ಜನ ಕೂರೋದು ಒಂದು ಕಡೆ, ಅವರ ಪ್ರೋಗ್ರಾಂ ಓಡೋದು ಇನ್ನೊಂದು ಕಡೆ. ಹಜೀರಾದ ಯಾವುದೋ ಪ್ಲಾಂಟ್ ಒಳಗಿನ ಸರ್ವರ್ ಇರಬಹುದು, ಗಿಫ್ಟ್ ಸಿಟಿಯ ಡೇಟಾ ಸೆಂಟರ್ ಇರಬಹುದು. ಅಲ್ಲಿಗೆ ಮೌಸ್ ಹೋಗಲ್ಲ, ವಿಂಡೋ ಹೋಗಲ್ಲ. ಹೋಗೋದು ಎಸ್‌ಎಸ್‌ಎಚ್ ಒಂದೇ, ಒಂದು ಕಪ್ಪು ಪರದೆ. ರಾತ್ರಿ ಪಾಳಿಯಲ್ಲಿ ಸಿ ಪ್ರೋಗ್ರಾಂ ಒಂದು ಮುಗ್ಗರಿಸಿತು ಅಂದ್ರೆ ಜಿಡಿಬಿ ತೆಗೆದು ಟಿಯುಐ ಆನ್ ಮಾಡ್ತೀರಿ. ಮೇಲೆ ಸೋರ್ಸ್ ಕೋಡ್, ನಡುವೆ ಒಂದು ಸ್ಥಿತಿ ಪಟ್ಟಿ, ಕೆಳಗೆ ಕಮ್ಯಾಂಡ್ ಬರೆಯೋ ಜಾಗ. ಚೆನ್ನಾಗೇ ಇರುತ್ತೆ. ಆಮೇಲೆ ನಿಮ್ಮ ಪ್ರೋಗ್ರಾಂ ಎರಡು ಸಾಲು ಪ್ರಿಂಟ್ ಮಾಡುತ್ತೆ, ಇಡೀ ಪರದೆ ಕಲಸುಮೇಲೋಗರ. ಕಂಟ್ರೋಲ್-ಎಲ್ ಒತ್ತಿದರೆ ಸರಿಹೋಗುತ್ತೆ. ಮತ್ತೆ ಪ್ರಿಂಟ್, ಮತ್ತೆ ಕಲಸು.

ಇಷ್ಟು ವರ್ಷ ಆದ್ರೂ ಇದು ಯಾಕೆ ಹೀಗೆ? ಉತ್ತರ ಬೇಕಾದರೆ ಟೆಲಿಟೈಪ್ ಕಾಲಕ್ಕೆ ಹೋಗಬೇಕು.

ಡಿಬಗರ್‌ಗಳ ಹಳೇ ಹೆಸರುಗಳಲ್ಲೇ ಒಂದು ತಮಾಷೆ ಇದೆ. ಅಮೆರಿಕದ ಎಂಐಟಿಯಲ್ಲಿ ಟಿಎಕ್ಸ್-0 ಅನ್ನೋ ಯಂತ್ರಕ್ಕೆ ಬರೆದ ಡಿಬಗರ್ ಹೆಸರು ಫ್ಲಿಟ್. 1961ರ ಹೊತ್ತಿಗೆ ಪಿಡಿಪಿ-1ಕ್ಕೆ ಬರೆದದ್ದು ಡಿಡಿಟಿ. ಎರಡೂ ಕೀಟನಾಶಕದ ಹೆಸರು. ಮಲೇರಿಯಾ ಇಲಾಖೆಯವರು ಗೋಡೆಗೆ ಡಿಡಿಟಿ ಹೊಡೆದು ಹೋಗೋದನ್ನ ನೋಡಿದ ತಲೆಮಾರಿಗೆ ವಿವರಣೆ ಬೇಡ. ಬಗ್ ಸಾಯಿಸಬೇಕಲ್ಲ, ಅದಕ್ಕೇ ಆ ಹೆಸರು.

ಆ ಪೀಳಿಗೆಯ ಡಿಬಗರ್‌ಗಳಿಗೆ ಪರದೆ ಅನ್ನೋ ಕಲ್ಪನೆಯೇ ಬೇಕಿರಲಿಲ್ಲ. ಎದುರಿಗೆ ಇದ್ದದ್ದು ಟೈಪ್‌ರೈಟರ್ ಥರದ ಯಂತ್ರ, ಒಳಗೆ ಕಾಗದದ ಸುರುಳಿ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೀತಿತ್ತು. ಸಾಲಿಗೆ 40 ಅಕ್ಷರದಂತೆ 20 ಸಾಲು ಕೋಡ್ ತೋರಿಸು ಅಂದ್ರೆ 80 ಸೆಕೆಂಡ್ ಕಾಯಬೇಕು. ಹಾಗಾಗಿ ಡಿಬಗರ್ ಮಿತಭಾಷಿ ಆಗಲೇಬೇಕಿತ್ತು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜತೆ ಬಂದ, ಸ್ಟೀವ್ ಬೋರ್ನ್ ಬರೆದ ಎಡಿಬಿಯಲ್ಲಿ ಡಾಲರ್ ಚಿಹ್ನೆ ಮತ್ತು ಒಂದು ಅಕ್ಷರ ಸೇರಿದರೆ ಒಂದು ಕಮ್ಯಾಂಡ್. ನೀವು ಕೇಳಿದ್ದಷ್ಟೇ ಹೇಳುತ್ತೆ, ಒಂದಕ್ಷರ ಹೆಚ್ಚಿಲ್ಲ. ಆಮೇಲೆ ಬರ್ಕ್ಲಿಯಲ್ಲಿ ಮಾರ್ಕ್ ಲಿಂಟನ್ ಬರೆದ ಡಿಬಿಎಕ್ಸ್ ಬಂತು. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಜಿಡಿಬಿ ಬರೆದಾಗ ಡಿಬಿಎಕ್ಸ್‌ನ ಮಾದರಿಯನ್ನೇ ಮುಂದಿಟ್ಟುಕೊಂಡರು. ಅಂದ್ರೆ ಇವತ್ತು ಜಿಡಿಬಿ ಜತೆ ನಾವು ನಡೆಸೋ ಪ್ರಶ್ನೋತ್ತರ ಶೈಲಿಯ ಬೇರು ಆ ಕಾಗದದ ಸುರುಳಿಯಲ್ಲಿದೆ.

ಈಗ ಗಾಜಿನ ಪರದೆಗೆ ಬನ್ನಿ. 1976ರಲ್ಲಿ ಎಡಿಎಂ-3ಎ, 1978ರಲ್ಲಿ ಡಿಇಸಿ ಕಂಪನಿಯ ವಿಟಿ100. 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920 ಚೌಕ. ಈ 80 ಎಲ್ಲಿಂದ ಬಂತು ಅಂದ್ರೆ 1928ರ ಐಬಿಎಂ ಪಂಚ್ ಕಾರ್ಡ್‌ನಿಂದ, ಅದರಲ್ಲಿ 80 ಕಂಬಸಾಲು ಇತ್ತು. ತೂತಿನ ಕಾರ್ಡ್ ಅಂದ ತಕ್ಷಣ ಸೂರತ್‌ನಲ್ಲಿರೋರಿಗೆ ಬೇರೆ ಚಿತ್ರ ಬರುತ್ತೆ, ಜಕಾರ್ಡ್ ಮಗ್ಗದ ಕಾರ್ಡ್ ಸರಪಳಿ. ಒಂದು ಕಾರ್ಡ್ ಅಂದ್ರೆ ಬಟ್ಟೆಯಲ್ಲಿ ಒಂದು ಅಡ್ಡ ಎಳೆಯ ವಿನ್ಯಾಸ. ಟರ್ಮಿನಲ್ ಪರದೆಯೂ ಹಾಗೇ, ಅಡ್ಡಸಾಲು ಮತ್ತು ಕಂಬಸಾಲಿನ ಜಾಲರಿ. ಆದರೆ ಮಗ್ಗ ಪ್ರತಿ ಎಳೆಯನ್ನೂ ಹೊಸದಾಗಿ ನೇಯಬೇಕು, ಬೇರೆ ದಾರಿಯಿಲ್ಲ. ಟರ್ಮಿನಲ್‌ನಲ್ಲಿ ಹಾಗೆ ಮಾಡಿದರೆ ಏನಾಗುತ್ತೆ ಲೆಕ್ಕ ಹಾಕಿ. 300 ಬಾಡ್ ಫೋನ್ ಲೈನ್ ಮೇಲೆ ಸೆಕೆಂಡಿಗೆ 30 ಅಕ್ಷರ, ಒಂದು ಪೂರ್ತಿ ಪರದೆಗೆ 64 ಸೆಕೆಂಡ್. 1200 ಬಾಡ್ ಆದ್ರೂ 16 ಸೆಕೆಂಡ್. ಒಂದು ಸಾಲು ಮುಂದೆ ಹೋಗು ಅಂತ ಡಿಬಗರ್‌ಗೆ ಹೇಳಿ 16 ಸೆಕೆಂಡ್ ಕಾಯೋಕೆ ಯಾರಿಗೆ ತಾಳ್ಮೆ ಇರುತ್ತೆ?

ಇದಕ್ಕೆ ಉತ್ತರವಾಗಿ ಹುಟ್ಟಿದ್ದು ಕರ್ಸಸ್ ಲೈಬ್ರರಿ. ಬಿಲ್ ಜಾಯ್ ತಮ್ಮ ವಿಐ ಎಡಿಟರ್‌ಗಾಗಿ ಕರ್ಸರ್ ಓಡಿಸೋ ಕೋಡ್ ಬರೆದಿದ್ದರು. ಬರ್ಕ್ಲಿಯಲ್ಲೇ ಇದ್ದ ಕೆನ್ ಆರ್ನಾಲ್ಡ್ 1980ರ ಆಸುಪಾಸಿನಲ್ಲಿ ಆ ಜಾಣ್ಮೆಯನ್ನ ಒಂದು ಪ್ರತ್ಯೇಕ ಸಿ ಲೈಬ್ರರಿ ಮಾಡಿದರು. ಅದನ್ನ ಮೊದಮೊದಲು ಚೆನ್ನಾಗಿ ಬಳಸಿಕೊಂಡದ್ದು ಯಾವ ಗಂಭೀರ ಸಾಫ್ಟ್‌ವೇರೂ ಅಲ್ಲ, ರೋಗ್ ಅನ್ನೋ ಆಟ.

ಕರ್ಸಸ್ ಉಪಾಯ ಸರಳ. ಮೆಮರಿಯಲ್ಲಿ ಪರದೆಯ ಎರಡು ನಕಲು ಇಟ್ಟುಕೊಳ್ಳುತ್ತೆ. ಒಂದು, ಈಗ ಪರದೆ ಮೇಲೆ ಏನಿದೆ ಅನ್ನೋದು. ಇನ್ನೊಂದು, ಪ್ರೋಗ್ರಾಂಗೆ ಏನು ಬೇಕು ಅನ್ನೋದು. ನೀವು ರಿಫ್ರೆಶ್ ಅಂದಾಗ ಎರಡನ್ನೂ ಹೋಲಿಸಿ, ವ್ಯತ್ಯಾಸ ಇರೋ ಚೌಕಗಳನ್ನಷ್ಟೇ ಲೈನ್ ಮೇಲೆ ಕಳಿಸುತ್ತೆ. ಒಂದು ಬಾಣದ ಗುರುತು ಕೆಳಗಿನ ಸಾಲಿಗೆ ಇಳೀಬೇಕಾ? ಹಳೇ ಜಾಗದಲ್ಲಿ ಖಾಲಿ, ಹೊಸ ಜಾಗದಲ್ಲಿ ಬಾಣ, ಜತೆಗೆ ಕರ್ಸರ್ ಸರಿಸೋ ಒಂದಿಷ್ಟು ಸಂಕೇತ. 1920 ಅಕ್ಷರದ ಬದಲು ಹತ್ತಿಪ್ಪತ್ತು ಬೈಟ್.

ಇಲ್ಲಿ ಒಂದು ನಂಬಿಕೆ ಅಡಗಿದೆ, ಗಮನಿಸಿ. ಪರದೆ ಮೇಲೆ ಏನಿದೆ ಅಂತ ಕರ್ಸಸ್ ಯಾವತ್ತೂ ಕಣ್ಣಿಂದ ನೋಡಲ್ಲ. ಟರ್ಮಿನಲ್‌ನ ಕೇಳೋದೂ ಇಲ್ಲ. ತಾನು ಬರೆದದ್ದೇ ಅಲ್ಲಿದೆ ಅಂತ ನಂಬಿಕೊಂಡಿರುತ್ತೆ. ಪರದೆಗೆ ಅದೊಂದೇ ಬರೀತಿರೋವರೆಗೆ ಆ ನಂಬಿಕೆ ನಿಜ. ಬೇರೆ ಯಾರೋ ಅದೇ ಪರದೆಗೆ ಒಂದು ಸಾಲು ಬರೆದರೆ ಕರ್ಸಸ್‌ಗೆ ಗೊತ್ತೇ ಆಗಲ್ಲ. ಹಾಳಾದ ಜಾಗವನ್ನ ಅದು ಸರಿಮಾಡಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ಕಂಟ್ರೋಲ್-ಎಲ್ ಮಾಡೋದು ಇಷ್ಟೇ: ನಿನ್ನ ಲೆಕ್ಕ ಬಿಡು, ಎಲ್ಲಾ ಚೌಕವನ್ನೂ ಮತ್ತೆ ಬರಿ ಅಂತ ಹೇಳೋದು. ಗಿಗಾಬಿಟ್ ಫೈಬರ್ ಮೇಲೆ ಕೂತ ನಮ್ಮ ಪರದೆ ಕಲಸಿಹೋಗೋದು, 300 ಬಾಡ್ ಕಾಲದಲ್ಲಿ ಬೈಟ್ ಉಳಿಸೋಕೆ ಮಾಡಿದ ಒಂದು ಜಾಣತನದಿಂದ.

ಎಡಿಟರ್‌ಗೆ, ಆಟಕ್ಕೆ ಇದು ತೊಂದರೆ ಕೊಡಲ್ಲ, ಪರದೆಗೆ ಅವರೊಬ್ಬರೇ ಯಜಮಾನರು. ಡಿಬಗರ್ ಕಥೆ ಬೇರೆ. ಅದರ ಕೆಲಸವೇ ಇನ್ನೊಂದು ಪ್ರೋಗ್ರಾಂ ಓಡಿಸೋದು, ಆ ಪ್ರೋಗ್ರಾಂಗೂ ಅದೇ ಟರ್ಮಿನಲ್ ಬೇಕು. ಪಿಜಿಯಲ್ಲಿ ಇಬ್ಬರಿಗೆ ಒಂದೇ ಬಾತ್‌ರೂಮ್ ಇದ್ದ ಹಾಗೆ.

ಇದೇ ಹೊತ್ತಿಗೆ ಡಾಸ್ ಜಗತ್ತಿನಲ್ಲಿ ಈ ಸಮಸ್ಯೆ ಸುಲಭವಾಗಿ ಬಗೆಹರಿದಿತ್ತು ಅನ್ನೋದು ನನಗೆ ಯಾವಾಗಲೂ ಕುತೂಹಲದ ವಿಷಯ. ಪಿಸಿಯ ಪಠ್ಯ ಪರದೆ 80 ಅಡ್ಡ, 25 ಉದ್ದ. ಪ್ರತಿ ಚೌಕಕ್ಕೆ ಎರಡು ಬೈಟ್, ಒಂದು ಅಕ್ಷರ, ಒಂದು ಬಣ್ಣ. ಒಟ್ಟು 4000 ಬೈಟ್, ಅದೂ ನೇರವಾಗಿ ಪ್ರೊಸೆಸರ್ ಕೈಗೆ ಸಿಗೋ ಮೆಮರಿಯಲ್ಲಿ. ಬರೆದರೆ ಕ್ಷಣದಲ್ಲಿ ಕಾಣುತ್ತೆ, ಅಲ್ಲೇನಿದೆ ಅಂತ ಓದೋದಕ್ಕೂ ಆಗುತ್ತೆ. ಡಿಬಗರ್ ಏನು ಮಾಡ್ತಿತ್ತು? ಪ್ರೋಗ್ರಾಂನ 4000 ಬೈಟ್ ಒಂದು ಕಡೆ ಎತ್ತಿಟ್ಟು ತನ್ನ ಪರದೆ ಹಾಕೋದು, ಪ್ರೋಗ್ರಾಂ ಓಡೋವಾಗ ಅದನ್ನ ವಾಪಸ್ ಇಡೋದು. ಟರ್ಬೊ ಸಿಯಲ್ಲಿ ಆಲ್ಟ್-ಎಫ್5 ಒತ್ತಿ ಔಟ್‌ಪುಟ್ ನೋಡ್ತಿದ್ದದ್ದು ನೆನಪಿದೆಯಾ? ಅದು ಇದೇ. ಬೆಳಗಾವಿಯಲ್ಲಿ ಓದಿದವರಿಗೂ ಆನಂದ್‌ನಲ್ಲಿ ಓದಿದವರಿಗೂ ಆ ನೀಲಿ ಪರದೆ ಸಮಾನ ಬಾಲ್ಯ. 1988ರ ಟರ್ಬೊ ಡಿಬಗರ್‌ನಲ್ಲಂತೂ ಇನ್ನೂ ಒಂದು ಹೆಜ್ಜೆ: ಒಂದೇ ಪಿಸಿಗೆ ಎರಡು ಮಾನಿಟರ್ ಹಾಕಿ ಒಂದರಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ಡಿಬಗರ್ ನೋಡಬಹುದಿತ್ತು. ಇಬ್ಬರಿಗೂ ಅಟ್ಯಾಚ್ಡ್ ಬಾತ್‌ರೂಮ್!

ಆದರೆ ಇದು ಯಂತ್ರ ಎದುರಿಗೇ ಇದ್ದಾಗ ಮಾತ್ರ. ದೂರದ ಯಂತ್ರಕ್ಕೆ ಒಂದು ತಂತಿಯ ಮೇಲೆ ಮಾತಾಡೋ ಯುನಿಕ್ಸ್ ಜಗತ್ತಿಗೆ ಈ ಸುಖ ಇರಲಿಲ್ಲ. ನಮ್ಮ ದೇಶದಲ್ಲಿ ಆ ತಂತಿಯ ಜಗತ್ತು ಬೆಳೆದ ರೀತಿಗೂ ವಡೋದರಾಗೂ ಒಂದು ನಂಟು ಇದೆ. ಸ್ಯಾಮ್ ಪಿತ್ರೋಡ ಹುಟ್ಟಿದ್ದು ಒಡಿಶಾದಲ್ಲಿ ನೆಲೆಸಿದ್ದ ಗುಜರಾತಿ ಕುಟುಂಬದಲ್ಲಿ. ಭೌತಶಾಸ್ತ್ರ ಓದಿದ್ದು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ, 1964ರಲ್ಲಿ ಅಮೆರಿಕಕ್ಕೆ ಹೋದರು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆಯ ಹಿಂದೆ ಇದ್ದವರು ಅವರೇ. ಆ ಸಂಸ್ಥೆಯ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಕೂತದ್ದು ಎಲ್ಲಿ ಅಂತೀರಾ? ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಮುಂದೆ ಬಂದ ದೊಡ್ಡ ಎಕ್ಸ್‌ಚೇಂಜ್‌ಗಳ ಸಾಫ್ಟ್‌ವೇರ್ ಬಹುಪಾಲು ಸಿ ಭಾಷೆಯದ್ದು. ಆಪರೇಟರ್ ಮುಂದೆ ಇದ್ದದ್ದು ಪಠ್ಯದ ಟರ್ಮಿನಲ್, ಮೆನು, ತುಂಬಬೇಕಾದ ಫಾರ್ಮ್. ಫೋನ್ ಕನೆಕ್ಷನ್ ಕೊಡೋದು, ಲೈನ್ ಪರೀಕ್ಷೆ ಮಾಡೋದು, ದೋಷ ಹುಡುಕೋದು ಎಲ್ಲಾ ಚೌಕದ ಜಾಲರಿಯಲ್ಲೇ. ಕಿಟಕಿ, ಐಕಾನ್ ಬರೋ ಮುಂಚೆ ಭಾರತದ ಎಂಜಿನಿಯರುಗಳು ಯಂತ್ರದ ಒಳಗನ್ನ ನೋಡಿದ್ದು ಹೀಗೆ.

ಜಿಡಿಬಿಗೆ ತನ್ನದೇ ಪರದೆ ಬರೋದಕ್ಕೆ ಹನ್ನೆರಡು ವರ್ಷ ಹಿಡೀತು. ಸ್ಟಾಲ್ಮನ್‌ಗೆ ಅದರ ಅವಸರ ಇರಲಿಲ್ಲ ಅನಿಸುತ್ತೆ, ಅವರ ಕೈಯಲ್ಲಿ ಈಮ್ಯಾಕ್ಸ್ ಇತ್ತು. ಪ್ರೋಗ್ರಾಂ ಎಲ್ಲಿ ನಿಂತಿದೆ ಅಂತ ಜಿಡಿಬಿ ಫೈಲ್ ಹೆಸರು, ಸಾಲಿನ ಸಂಖ್ಯೆ ಕಳಿಸೋದು, ಈಮ್ಯಾಕ್ಸ್ ಆ ಫೈಲ್ ತೆಗೆದು ಬಾಣ ಇಡೋದು. ಚಿತ್ರ ಬಿಡಿಸೋ ಕೆಲಸ ಬೇರೆಯವರದ್ದು, ನಾನು ಮಾತು ಮಾತ್ರ ಆಡ್ತೀನಿ ಅನ್ನೋ ನೀತಿ. ವಿನ್ಯಾಸವಾಗಿ ಇದು ಒಳ್ಳೇದೇ, ಇವತ್ತಿನ ಎಷ್ಟೋ ಐಡಿಇಗಳು ಜಿಡಿಬಿಯನ್ನ ಬಳಸೋದು ಇದೇ ತತ್ವದ ಮೇಲೆ. ಆದರೆ ಈಮ್ಯಾಕ್ಸ್ ಬಾರದವರಿಗೆ?

ಹ್ಯೂಲೆಟ್-ಪ್ಯಾಕರ್ಡ್‌ನ ಎಚ್‌ಪಿ-ಯುಎಕ್ಸ್ ಬಳಸೋರು ಎಕ್ಸ್‌ಡಿಬಿ ಅನ್ನೋ ಡಿಬಗರ್‌ಗೆ ಒಗ್ಗಿದ್ದರು. ಅದರಲ್ಲಿ ಪರದೆ ಇಬ್ಭಾಗ, ಮೇಲೆ ಸೋರ್ಸ್, ಕೆಳಗೆ ಕಮ್ಯಾಂಡ್. ಎಚ್‌ಪಿ ಜಿಡಿಬಿ ಕಡೆಗೆ ತಿರುಗಿದಾಗ ತನ್ನ ಬಳಕೆದಾರರಿಗೆ ಅದೇ ಮನೆಯ ವಾತಾವರಣ ಬೇಕು ಅಂತ ಟಿಯುಐ ಬರೆಸಿತು. ಎಕ್ಸ್‌ಡಿಬಿ ಕಮ್ಯಾಂಡ್‌ಗಳಿಗೂ ಹೊಂದಿಕೊಳ್ಳೋ ಒಂದು ವಿಧಾನ ಜತೆಗಿತ್ತು, ಮುಂದೆ ಅದನ್ನ ತೆಗೆದುಹಾಕಿದರು. ಆ ಕೋಡ್ ಫೈಲ್‌ಗಳ ತಲೆಯಲ್ಲಿ ಇವತ್ತಿಗೂ 1998 ಅಂತ ಇದೆ, ಎಚ್‌ಪಿ ಕೊಡುಗೆ ಅಂತ ಇದೆ. 2001ರ ಸುಮಾರಿಗೆ ಸ್ಟೆಫಾನ್ ಕ್ಯಾರೆ ಅದನ್ನ ಬೇರೆ ಯುನಿಕ್ಸ್, ಲಿನಕ್ಸ್‌ಗಳಲ್ಲಿ ಓಡೋ ಹಾಗೆ ಮಾಡಿ, ಕಂಟ್ರೋಲ್-ಎಕ್ಸ್ ಮತ್ತು ಎ ಒತ್ತಿ ಪರದೆಯ ವಿಧಾನಕ್ಕೆ ಹೋಗಿಬರೋ ವ್ಯವಸ್ಥೆ ತಂದರು.

ಈ ಕೋಡ್ ಓದೋದು ಒಂದು ಪಾಠ. ಸೋರ್ಸ್ ಕಿಟಕಿ ಬಿಡಿಸೋ ಭಾಗ ಸುಲಭ: ಫೈಲ್ ಓದು, ಟ್ಯಾಬ್ ಬಿಡಿಸು, ಸಾಲಿನ ಎಡಕ್ಕೆ ಗುರುತು ಹಾಕು. ಬ್ರೇಕ್‌ಪಾಯಿಂಟ್‌ಗೆ ಒಮ್ಮೆಯೂ ಪ್ರೋಗ್ರಾಂ ತಾಗಿಲ್ಲದಿದ್ದರೆ ಸಣ್ಣ ಬಿ, ತಾಗಿದ್ದರೆ ದೊಡ್ಡ ಬಿ. ಚಾಲ್ತಿಯಲ್ಲಿದ್ದರೆ ಕೂಡಿಸೋ ಚಿಹ್ನೆ, ಇಲ್ಲದಿದ್ದರೆ ಕಳೆಯೋ ಚಿಹ್ನೆ. ಮುದ್ದಾಗಿದೆ. ಕಷ್ಟದ ಕೋಡ್ ಎಲ್ಲಾ ಇರೋದು ಇನ್‌ಪುಟ್-ಔಟ್‌ಪುಟ್ ಫೈಲ್‌ನಲ್ಲಿ. ಕಮ್ಯಾಂಡ್ ಟೈಪ್ ಮಾಡೋವಾಗ ಹಳೇ ಸಾಲು ವಾಪಸ್ ಬರೋದು, ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗೋದು ಎಲ್ಲಾ ರೀಡ್‌ಲೈನ್ ಲೈಬ್ರರಿ ಕೆಲಸ. ರೀಡ್‌ಲೈನ್‌ಗೂ ತಾನೇ ಟರ್ಮಿನಲ್ ಯಜಮಾನ ಅನ್ನೋ ಭಾವನೆ, ನೇರವಾಗಿ ಬರೆದುಬಿಡುತ್ತೆ. ಕರ್ಸಸ್‌ಗೆ ತಿಳಿಯದೇ. ಹಾಗಾಗಿ ಟಿಯುಐ ರೀಡ್‌ಲೈನ್‌ಗೆ ಕೊಕ್ಕೆ ಹಾಕಿ, ಕೀಲಿ ಒತ್ತಿದ್ದನ್ನ ಕರ್ಸಸ್ ಮೂಲಕ ಅದಕ್ಕೆ ತಲುಪಿಸುತ್ತೆ. ಅದು ಬರೆಯೋದನ್ನ ಒಂದು ಪೈಪ್‌ನಲ್ಲಿ ಹಿಡಿದು ಮತ್ತೆ ಕರ್ಸಸ್ ಕಿಟಕಿಗೆ ಸುರಿಯುತ್ತೆ. ಜಿಡಿಬಿ ತಾನೇ ಆಡೋ ಮಾತಿಗೂ ಇದೇ ಸುತ್ತುದಾರಿ. ಮನೆಯೊಳಗಿನ ಎಲ್ಲರ ಬಾಯಿಗೂ ಒಂದೇ ಕೊಳವೆ.

ಹೊರಗಿನವನ ಬಾಯಿಗೆ ಮಾತ್ರ ಕೊಳವೆ ಹಾಕೋಕಾಗಲ್ಲ. ಡಿಬಗ್ ಆಗೋ ಪ್ರೋಗ್ರಾಂನ ಜಿಡಿಬಿ ‘ಇನ್ಫೀರಿಯರ್’ ಅನ್ನುತ್ತೆ. ಬಿರುದು ನೋಡಿ! ಅವನಿಗೆ ಓಡೋ ಸರದಿ ಬಂದಾಗ ಜಿಡಿಬಿ ಟರ್ಮಿನಲ್ ಸೆಟ್ಟಿಂಗ್ಸ್ ಬದಲಿಸಿ, ಮುನ್ನೆಲೆಯ ಪ್ರಕ್ರಿಯಾ ಗುಂಪಿನ ಪಟ್ಟ ಅವನಿಗೆ ಕೊಡುತ್ತೆ. ಅವನು ನಿಂತ ತಕ್ಷಣ ಪಟ್ಟ ವಾಪಸ್. ಕೋಡ್‌ನಲ್ಲಿ ಈ ಎರಡು ಸ್ಥಿತಿಗೆ ‘ಇನ್ಫೀರಿಯರ್’, ‘ಅವರ್ಸ್’ ಅಂತಲೇ ಹೆಸರು: ಟರ್ಮಿನಲ್ ಅವನದ್ದು, ಟರ್ಮಿನಲ್ ನಮ್ಮದು. ಮೂರನೇ ಸ್ಥಿತಿ ಒಂದಿದೆ, ‘ಅವರ್ಸ್ ಫಾರ್ ಔಟ್‌ಪುಟ್’. ಅವನು ಒಳಗಿದ್ದಾಗಲೇ ಬಾಗಿಲು ತಟ್ಟಿ ಒಂದು ಮಾತು ಹೇಳಿ ಹೋಗೋದು, ಕೀಲಿ ಕಸಿಯದೇ. ಪಿಜಿ ನಿಯಮಾವಳಿ ಅಂದ್ನಲ್ಲ, ಸುಮ್ಮನೆ ಹೇಳಿದ್ದಲ್ಲ.

ಸರದಿಯ ನಿಯಮ ಇಷ್ಟು ಚೆನ್ನಾಗಿದ್ದರೂ ಅವನು ಪರದೆ ಮೇಲೆ ಏನು ಬರೆದ ಅನ್ನೋದು ಕರ್ಸಸ್‌ಗೆ ತಿಳಿಯಲ್ಲ. ಹಾಗಾಗಿ ಕಲಸು. ಗಟ್ಟಿ ಪರಿಹಾರ ಬೇಕಾದರೆ ಟರ್ಬೊ ಡಿಬಗರ್‌ನ ಎರಡು ಮಾನಿಟರ್ ನೆನಪಿಸಿಕೊಳ್ಳಿ. ಇನ್ನೊಂದು ಎಸ್‌ಎಸ್‌ಎಚ್ ಕಿಟಕಿ ತೆಗೆದು, ಅಲ್ಲಿ ಟಿಟಿವೈ ಕಮ್ಯಾಂಡ್ ಹೊಡೆದು ಅದರ ಹೆಸರು ತಿಳಿದುಕೊಳ್ಳಿ. ಆ ಕಿಟಕಿಯ ಶೆಲ್ ನಡುವೆ ಬಾಯಿ ಹಾಕದಿರಲಿ ಅಂತ ಅಲ್ಲೊಂದು ದೊಡ್ಡ ಸ್ಲೀಪ್ ಓಡಿಸಿ ಬಿಡಿ. ಜಿಡಿಬಿಯೊಳಗಿನ ಟಿಟಿವೈ ಕಮ್ಯಾಂಡ್‌ಗೆ ಆ ಹೆಸರು ಕೊಟ್ಟು, ಆಮೇಲೆ ಪ್ರೋಗ್ರಾಂ ಓಡಿಸಿ. ಔಟ್‌ಪುಟ್ ಆ ಕಡೆ, ಡಿಬಗರ್ ಈ ಕಡೆ. ರಾತ್ರಿ ಪಾಳಿಯವರು ಈ ಕಂತಿನಿಂದ ಒಂದೇ ಒಂದು ವಿಷಯ ಇಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ.

ಮುಂದಿನ ವರ್ಷಗಳನ್ನ ಬೇಗ ದಾಟಿಬಿಡ್ತೀನಿ. 2017ರ 8.0 ಆವೃತ್ತಿಯಲ್ಲಿ ಜಿಡಿಬಿ ಕಟ್ಟೋಕೆ ಸಿ++11 ಬೇಕೇ ಬೇಕು ಅಂತಾಯಿತು, ಸಿ ಕಾಲ ಮುಗೀತು. 2019ರಲ್ಲಿ ಸೋರ್ಸ್‌ಗೆ ಬಣ್ಣ ಬಂತು. ಟಾಮ್ ಟ್ರೋಮಿ ಟಿಯುಐ ಒಳಗನ್ನ ದೊಡ್ಡ ಮಟ್ಟದಲ್ಲಿ ಮರುಕಟ್ಟಿದರು. 2020ರ 10ನೇ ಆವೃತ್ತಿಯಲ್ಲಿ ನಮ್ಮದೇ ಪರದೆ ವಿನ್ಯಾಸ, ಪೈಥಾನ್‌ನಲ್ಲಿ ನಮ್ಮದೇ ಕಿಟಕಿ ಸಾಧ್ಯವಾಯಿತು. ಬುಡದಲ್ಲಿ ಕರ್ಸಸ್ ಮಾತ್ರ ಹಾಗೇ ಇದೆ.

ಈಗ ನಮ್ಮ ಅಕ್ಷರದ ವಿಷಯ. ಕರ್ಸಸ್‌ನ ಆ ಹಳೇ ನಂಬಿಕೆ ಇನ್ನೊಮ್ಮೆ ಮುರಿಯೋದು ಇಲ್ಲೇ.

ಅಹಮದಾಬಾದ್‌ಗೆ ಬಂದ ಹೊಸತರಲ್ಲಿ ಬಿಆರ್‌ಟಿಎಸ್ ನಿಲ್ದಾಣದ ಫಲಕ ನೋಡಿ ಗುಜರಾತಿ ಅಕ್ಷರ ಕೂಡಿಸಿ ಓದೋದು ನಾವೆಲ್ಲಾ ಮಾಡೋ ಕೆಲಸ. ದೇವನಾಗರಿಯ ತಲೆಗೆರೆ ಇಲ್ಲದ್ದರಿಂದ ನಮಗೆ ಸ್ವಲ್ಪ ಹತ್ತಿರ ಅನಿಸುತ್ತೆ. ಲೊಕೇಲ್ ಸರಿಯಿಲ್ಲದ ಸರ್ವರ್‌ನಲ್ಲಿ ಜಿಡಿಬಿಗೆ ಕನ್ನಡದ ‘ಕ’ ಇರೋ ಸ್ಟ್ರಿಂಗ್ ತೋರಿಸು ಅಂದ್ರೆ ಅದು ಅಕ್ಷರ ತೋರಿಸಲ್ಲ, ಅಷ್ಟಮಾನದ ಮೂರು ಸಂಖ್ಯೆ ಕೊಡುತ್ತೆ: 340, 262, 225. ಗುಜರಾತಿ ‘ಕ’ ಕೊಡಿ: 340, 252, 225. ನಡುವಿನ ಬೈಟ್ ಒಂದೇ ಬೇರೆ. ಯುನಿಕೋಡ್‌ನಲ್ಲಿ ಗುಜರಾತಿ ‘ಕ’ 2709, ಕನ್ನಡ ‘ಕ’ 3221, ಅಂತರ ಸರಿಯಾಗಿ 512. ‘ಮ’ ತಗೊಂಡರೂ 512, ‘ಹ’ ತಗೊಂಡರೂ 512. ಇದು ಕಾಕತಾಳೀಯ ಅಲ್ಲ. ಭಾರತೀಯ ಲಿಪಿಗಳಿಗೆಲ್ಲಾ ಒಂದೇ ವರ್ಣಮಾಲೆಯ ಚೌಕಟ್ಟು ಹಾಕಿದ ಇಸ್ಕಿ ಸಂಕೇತ ಪದ್ಧತಿಯ 1988ರ ರೂಪವನ್ನ ಯುನಿಕೋಡ್ ಆಧಾರವಾಗಿ ತೆಗೆದುಕೊಂಡಿತು. ಅಚ್ಚುಕಟ್ಟಾದ ಪರದೆ ಮುಚ್ಚಿಡೋ ಈ ನಂಟು, ಕೆಟ್ಟ ಲೊಕೇಲ್‌ನ ಡಿಬಗರ್‌ನಲ್ಲಿ ಎದ್ದು ಕಾಣುತ್ತೆ.

ಲೊಕೇಲ್ ಯುಟಿಎಫ್-8 ಮಾಡಿದ್ರಿ ಅನ್ನಿ, ಅಕ್ಷರ ಬರುತ್ತೆ. ಆಗ ಜಾಲರಿಯ ಪ್ರಶ್ನೆ. ‘ಸ್ತ್ರೀ’ ಅನ್ನೋದು ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರ, ಹೀಗೆ ಆರು ಸಂಕೇತ, 18 ಬೈಟ್. ಪರದೆಯಲ್ಲಿ ಎಷ್ಟು ಚೌಕ? ಕರ್ಸಸ್ ಸಿ ಲೈಬ್ರರಿಯ ಅಗಲ ಹೇಳೋ ಫಂಕ್ಷನ್ ಕೇಳುತ್ತೆ. ಅದು ಪ್ರತಿ ಸಂಕೇತವನ್ನ ಒಂಟಿಯಾಗಿ ಅಳೆಯುತ್ತೆ: ವ್ಯಂಜನಕ್ಕೆ ಒಂದು, ವಿರಾಮಕ್ಕೆ ಸೊನ್ನೆ, ಈಕಾರಕ್ಕೆ ಒಂದು, ಒಟ್ಟು ನಾಲ್ಕು. ಕುತೂಹಲಕ್ಕೆ ಹೇಳ್ತೀನಿ, ಕನ್ನಡದ ಹ್ರಸ್ವ ಇಕಾರಕ್ಕೆ ಸೊನ್ನೆ, ದೀರ್ಘಕ್ಕೆ ಒಂದು, ಯುನಿಕೋಡ್ ವರ್ಗೀಕರಣ ಹಾಗಿದೆ. ಟರ್ಮಿನಲ್ ಎಮ್ಯುಲೇಟರ್ ಇದನ್ನ ಮೂರು ಚೌಕದಲ್ಲಿ ಬರೆದರೂ ಮುಗೀತು, ಎರಡರಲ್ಲಿ ಬರೆದರೂ ಮುಗೀತು. ಕರ್ಸಸ್ ಲೆಕ್ಕದಲ್ಲಿ ಆ ಸಾಲಿನ ಮುಂದಿನದ್ದೆಲ್ಲಾ ಒಂದು ಕಡೆ, ಪರದೆಯಲ್ಲಿ ಇನ್ನೊಂದು ಕಡೆ. ಕಿಟಕಿಯ ಬಲಗಡೆ ಗೆರೆ ಆ ಒಂದು ಸಾಲಿನಲ್ಲಿ ಮಾತ್ರ ಪಕ್ಕಕ್ಕೆ ಸರಿದಿರುತ್ತೆ. ಈ ಸಲ ಕಂಟ್ರೋಲ್-ಎಲ್ ಒತ್ತಿದರೂ ಸರಿಹೋಗಲ್ಲ, ಯಾಕಂದ್ರೆ ತಪ್ಪು ಇರೋದು ಲೆಕ್ಕದ ಸೂತ್ರದಲ್ಲೇ.

ಭಾರತದಲ್ಲಿ ಇದನ್ನ ಬೇರೆ ರೀತಿ ಬಗೆಹರಿಸಿದವರಿದ್ದರು. ಐಐಟಿ ಕಾನ್ಪುರದಲ್ಲಿ ಶುರುವಾಗಿ, ಆಮೇಲೆ ಪುಣೆಯ ಸಿ-ಡ್ಯಾಕ್‌ಗೆ ಹೋದ ಜಿಸ್ಟ್ ಯೋಜನೆ. ಮೋಹನ್ ತಾಂಬೆ ಮತ್ತು ಜತೆಗಾರರ ಕೆಲಸ. ಪಿಸಿಯೊಳಗೆ ಒಂದು ಕಾರ್ಡ್ ಹಾಕಿದರೆ, ಇಂಗ್ಲಿಷ್‌ಗೆ ಮಾತ್ರ ಅಂತ ಬರೆದ ಡಾಸ್‌ನ ಪಠ್ಯ ಪ್ರೋಗ್ರಾಂಗಳಲ್ಲೇ ಕನ್ನಡ, ಗುಜರಾತಿ, ಹಿಂದಿ ಕಾಣ್ತಿತ್ತು. ಪ್ರೋಗ್ರಾಂ ಎಂದಿನಂತೆ ಚೌಕಗಳಿಗೆ ಬೈಟ್ ಬರೀತಾ ಹೋಗುತ್ತೆ, ಒತ್ತಕ್ಷರ ಕೂಡಿಸೋದು, ಆಕಾರ ಬಿಡಿಸೋದು ಕಾರ್ಡ್ ಜವಾಬ್ದಾರಿ. ಅಳೆಯೋನೂ ಬರೆಯೋನೂ ಒಬ್ಬನೇ ಆದಾಗ ಜಗಳ ಇಲ್ಲ. ಈಗ ಅಳೆಯೋದು ದೂರದ ಸರ್ವರ್‌ನ ಸಿ ಲೈಬ್ರರಿ, ಬರೆಯೋದು ಮಣಿನಗರದ ಬಾಡಿಗೆ ಮನೆಯಲ್ಲಿರೋ ಲ್ಯಾಪ್‌ಟಾಪ್‌ನ ಟರ್ಮಿನಲ್. ಇಬ್ಬರ ಪಟ್ಟಿಯೂ ಒಂದೇ ಇರಬೇಕು ಅಂತ ಯಾರೂ ಮಾತಾಡಿಕೊಂಡಿಲ್ಲ.

ಹಾಗಾಗಿ ಕನ್ನಡ ಸ್ಟ್ರಿಂಗ್ ಇರೋ ಸಿ ಕೋಡ್ ಡಿಬಗ್ ಮಾಡೋವಾಗ ನಾನು ಮಾಡೋದು ಇಷ್ಟು. ಸೋರ್ಸ್ ಕಿಟಕಿ ತೆರೆದಿಟ್ಟು, ಗೆರೆ ಸೊಟ್ಟಗಾದರೆ ಆಗಲಿ ಅಂತ ಬಿಡೋದು. ಅನುಮಾನ ಬಂದ ಸ್ಟ್ರಿಂಗ್‌ನ ಎಕ್ಸ್ ಕಮ್ಯಾಂಡ್‌ನಿಂದ ಬೈಟ್‌ಗಳಾಗಿ ತೆಗೆದು ನೋಡೋದು. ವಿರಾಮದ ಮೂರು ಬೈಟ್ 340, 263, 215. ಅದು ಸಾಲಿನಲ್ಲಿ ಇದೆಯೋ, ಬಫರ್ ಸಾಲದೇ ಅರ್ಧಕ್ಕೆ ತುಂಡಾಗಿದೆಯೋ ಅಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ.